ಬಿಸುಟ ಪ್ಲಾಸ್ಟಿಕ್ಕಿನಿಂದ ಅಂದವಾದ ಕರಡಿಗೆ

ನಮ್ಮ ಹಿರಿಯರ ಮನೆಗಳಲ್ಲಿ ವ್ಯರ್ಥವೆಂದು ಎಸೆಯತಕ್ಕ ವಸ್ತುವೇ ವಿರಳವಾಗಿದ್ದಿತು. ಹಳೆಯ ಸೀರೆಯು ಕೌದಿಯಾಗುತ್ತಿತ್ತು; ತೆಂಗಿನ ಕರಟವು ಸೌಟಾಗುತ್ತಿತ್ತು; ಬಿಸ್ಕತ್ತಿನ ತಗಡಿನ ಡಬ್ಬಿಯು ಸೂಜಿದಾರಗಳಿಗೆ ನೆಲೆಯಾಗುತ್ತಿತ್ತು. ಇಂದಿನ ಮನೆಗಳಲ್ಲಿಯಾದರೋ ಎಣ್ಣೆಯ ಕ್ಯಾನುಗಳೂ, ಐಸ್‌ಕ್ರೀಮಿನ ಡಬ್ಬಿಗಳೂ, ನೀರಿನ ಬಾಟಲಿಗಳೂ ವಾರವಾರವೂ ರಾಶಿಗೂಡುತ್ತಿವೆ. ಕರ್ನಾಟಕ ಸರ್ಕಾರವು 2016ರಲ್ಲಿ ಪ್ಲಾಸ್ಟಿಕ್ ಕೈಚೀಲ ಮುಂತಾದವನ್ನೂ, ಭಾರತ ಸರ್ಕಾರವು 2022ನೆಯ ಇಸವಿ ಜುಲೈ 1ರಿಂದ ಒಮ್ಮೆ ಬಳಸಿ ಬಿಸುಡುವ ಕೆಲವು ಪದಾರ್ಥಗಳನ್ನೂ ನಿಷೇಧಿಸಿದ್ದರೂ, ಮೇಲೆ ಹೇಳಿದ ಕ್ಯಾನು ಬಾಟಲಿಗಳು ಆ ನಿಷೇಧಗಳಿಗೆ ಒಳಪಟ್ಟಿಲ್ಲ. ಆದಕಾರಣ ಇವುಗಳ ಹೊಣೆಯು ಗೃಹಿಣಿಯರಾದ ನಮ್ಮ ಮೇಲೆಯೇ ಬೀಳುವುದು. ಇವುಗಳಲ್ಲಿ ಕೆಲವನ್ನು ಉಪಯುಕ್ತವಾದ ಕರಡಿಗೆಗಳನ್ನಾಗಿ ಮಾಡಿಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಲು ಇಚ್ಛಿಸುತ್ತೇವೆ.

ಮೊದಲು ಪದಾರ್ಥದ ಜಾತಿಯನ್ನರಿಯಬೇಕು. ಡಬ್ಬಿಯ ತಳದಲ್ಲಿ ಸಾಮಾನ್ಯವಾಗಿ ತ್ರಿಕೋನವೊಂದರೊಳಗೆ ಒಂದು ಅಂಕೆಯಿರುವುದು. 1 ಎಂದಿದ್ದರೆ ಅದು ನೀರಿನ ಬಾಟಲಿಯ ಪಾರದರ್ಶಕ ಪ್ಲಾಸ್ಟಿಕ್ಕು. ಕತ್ತರಿಗೆ ಸುಲಭವಾದರೂ ಕುದಿಯುವ ನೀರು ತಾಗಿದೊಡನೆ ಸುರುಟಿಕೊಳ್ಳುವುದು. 2 ಎಂಬುದು ಹಾಲುಬಣ್ಣದ ಗಟ್ಟಿ ಕ್ಯಾನುಗಳ ಜಾತಿ. 5 ಎಂಬುದು ಬಾಗಿದರೂ ಮುರಿಯದ ಡಬ್ಬಿಗಳ ಜಾತಿ. ಮುಚ್ಚಳವೂ ಕೂಡಿಯೇ ಬರುವುದರಿಂದ ನಮ್ಮ ಕೆಲಸಕ್ಕೆ ಇದೇ ಉತ್ತಮ. 6ರ ಅಂಕೆಯುಳ್ಳವು ಬೇಗನೆ ಸೀಳುವುದರಿಂದ ಅವನ್ನು ಬಿಟ್ಟುಬಿಡತಕ್ಕದ್ದು.

ಎಣ್ಣೆಯ ಕ್ಯಾನನ್ನು ಕತ್ತರಿಸಿದ ಬಳಿಕವೇ ತೊಳೆಯುವುದು ಲೇಸು. ಕಾಗದದ ಪಟ್ಟಿಯೊಂದನ್ನು ಸುತ್ತಲೂ ಸುತ್ತಿ, ಅದರ ಅಂಚಿನ ಗುಂಟ ಗೆರೆಯೆಳೆದರೆ ಬಾಯಿಯು ಓರೆಯಾಗದು. ಗೆರೆಯ ಮೇಲೆ ದಬ್ಬಳದಿಂದ ರಂಧ್ರಮಾಡಿ, ಅಲ್ಲಿಂದ ಕತ್ತರಿಯನ್ನು ನಡೆಸಬೇಕು. ಒಳಗಣ ಜಿಡ್ಡನ್ನು ಮೊದಲು ಒಣ ಕಡಲೆಹಿಟ್ಟಿನಿಂದ ಉಜ್ಜಿ ತೆಗೆದು, ಅನಂತರ ಸಾಬೂನು ಮತ್ತು ಉಗುರುಬೆಚ್ಚಗಿನ ನೀರಿನಿಂದ ತೊಳೆದು, ಒಂದು ದಿನ ನೆರಳಿನಲ್ಲಿ ಒಣಗಿಸಬೇಕು. ಕತ್ತರಿಸಿದ ಅಂಚು ಬೆರಳನ್ನು ಕೊಯ್ಯುವಷ್ಟು ಹರಿತವಾಗಿರುವುದು. ಆದುದರಿಂದ ಅಂಚಿನಿಂದ ಕಾಲಂಗುಲ ಕೆಳಗೆ, ಅರ್ಧಂಗುಲಕ್ಕೊಂದರಂತೆ ರಂಧ್ರಗಳನ್ನು ಮಾಡಿ, ಬಟ್ಟೆಯ ಪಟ್ಟಿಯನ್ನು ಅಂಚಿನ ಮೇಲೆ ಮಡಿಸಿ, ದಪ್ಪ ದಾರದಿಂದ ಕಾಜಾ ಹೊಲಿಗೆ ಹಾಕಬೇಕು.

ಇನ್ನು ಅಲಂಕಾರದ ವಿಚಾರ. ಹಲವರು ಬಣ್ಣವನ್ನು ಬಳಿದೋ, ಚಿತ್ರಗಳನ್ನು ಅಂಟಿಸಿಯೋ ತೃಪ್ತರಾಗುವರು. ಆದರೆ ಸ್ವಲ್ಪ ಕಾಲದಲ್ಲಿಯೇ ಅವು ಸಿಪ್ಪೆಯಂತೆ ಏಳುವುವು. 2 ಮತ್ತು 5ನೆಯ ಜಾತಿಗಳ ಮೈ ಮೇಣದಂತೆ ಇರುವುದರಿಂದ ಅಂಟಾಗಲಿ ಬಣ್ಣವಾಗಲಿ ಅದನ್ನು ಹಿಡಿಯಲಾರದೆಂಬುದೇ ಇದಕ್ಕೆ ಕಾರಣ. ಇಲ್ಲಿ ಅಂಟಿಗಿಂತ ಸೂಜಿಯೇ ಮೇಲು. ಡಬ್ಬಿಯ ಸುತ್ತಳತೆಗೂ ಎತ್ತರಕ್ಕೂ ಒಂದೊಂದು ಅಂಗುಲವನ್ನು ಸೇರಿಸಿ ಬಟ್ಟೆಯನ್ನು ಕತ್ತರಿಸಿರಿ. ಅದರ ಮೇಲೆ ಮೊದಲೇ ಕಸೂತಿಯನ್ನು ಹಾಕಿ, ಬಳಿಕ ಅಂಗಿಯಂತೆ ಹೊಲಿದು ತೊಡಿಸಿರಿ. ಧಾರವಾಡದ ಕಡೆಯ ಕಸೂತಿಯು ಇದಕ್ಕೆ ಬಹಳ ಒಪ್ಪುವುದು. ಗೆರೆಯನ್ನು ಬರೆಯದೆ, ಬಟ್ಟೆಯ ಎಳೆಗಳನ್ನೆಣಿಸಿಯೇ ಗೋಪುರ, ತೇರು, ತುಳಸಿಕಟ್ಟೆ ಮುಂತಾದ ಆಕೃತಿಗಳನ್ನು ಮೂಡಿಸುವುದು ಅದರ ವೈಶಿಷ್ಟ್ಯ. ಗಾವಂತಿ, ಮುರ್ಗಿ, ನೇಯ್ಗೆ, ಮೆಂತ್ಯೆ ಎಂಬ ನಾಲ್ಕು ಹೊಲಿಗೆಗಳಲ್ಲಿ ಗಾವಂತಿಯೊಂದನ್ನು ಬಲ್ಲವರೂ ಸೊಗಸಾದ ಅಂಚನ್ನು ಹಾಕಬಲ್ಲರು. ಸವೆದ ಇಳಕಲ್ ಸೀರೆಯ ಅಂಚು ದೊರೆತರೆ ಈ ಶ್ರಮವೂ ಬೇಡ.

ಇಂತಹ ಕರಡಿಗೆಯಲ್ಲಿ ಗುಂಡಿ, ದಾರ, ಬಳೆ, ಪೆನ್ಸಿಲು, ಕಾಗದಪತ್ರಗಳನ್ನು ಇಡಬಹುದು. ಬಿಸಿ ಆಹಾರವನ್ನಾಗಲಿ ಉಪ್ಪಿನಕಾಯಿಯನ್ನಾಗಲಿ ಇಡಲಾಗದು. ಕೀಟನಾಶಕ, ಫಿನಾಯಿಲುಗಳಿದ್ದ ಪಾತ್ರೆಗಳನ್ನು ಎಷ್ಟು ತೊಳೆದರೂ ಈ ಕೆಲಸಕ್ಕೆ ತೆಗೆದುಕೊಳ್ಳಲೇಬಾರದು. ಪಾನೀಯದ ಬಾಟಲಿಯಲ್ಲಿ ಸೀಮೆಎಣ್ಣೆಯನ್ನು ತುಂಬಿಡುವ ಅಭ್ಯಾಸದಿಂದ ಅದನ್ನು ನೀರೆಂದು ಕುಡಿದು ಅಪಾಯಕ್ಕೊಳಗಾದ ಶಿಶುಗಳುಂಟೆಂಬುದನ್ನು ತಾಯಂದಿರು ಮರೆಯದಿರಲಿ. ಚೆಲುವಾದ ಡಬ್ಬಿಯು ಮಗುವಿನ ಕೈಯನ್ನು ತಾನಾಗಿ ಕರೆಯುವುದು. ಆದುದರಿಂದ ಅದರಲ್ಲಿ ಔಷಧದ ಗುಳಿಗೆಗಳಿಗೆ ಎಡೆಯಿರಬಾರದು.

ಕೊನೆಯದಾಗಿ ಒಂದು ಮಾತು. ಅಗತ್ಯವಿಲ್ಲದೆ ಮಾಡಿದ ಹತ್ತು ಕರಡಿಗೆಗಳು ಅಲಂಕೃತವಾದ ಕಸವೇ ಹೊರತು ಬೇರೆಯಲ್ಲ. ಬಟ್ಟೆ, ಮಿಂಚು, ಅಂಟುಗಳನ್ನು ಮೆತ್ತಿದ ಪ್ಲಾಸ್ಟಿಕ್ಕು ಕರಗಿಸಿ ಮರಳಿ ಬಳಸುವವರಿಗೂ ಬೇಡವಾಗುವುದು. ಹೊಲಿದು ತೊಡಿಸಿದ ಅಂಗಿಯಾದರೋ ದಾರವನ್ನು ಕತ್ತರಿಸಿದರೆ ಕಳಚಿ ಬರುವುದು. ಅದನ್ನು ಒಗೆದು ಮತ್ತೊಂದಕ್ಕೆ ತೊಡಿಸಬಹುದು, ಹಳೆಯ ಡಬ್ಬಿಯನ್ನು ಶುದ್ಧವಾಗಿಯೇ ಕೊಟ್ಟುಬಿಡಬಹುದು. ಉಳಿದ ಪ್ಲಾಸ್ಟಿಕ್ಕನ್ನು ತೊಳೆದು ಒಣಕಸದೊಡನೆ ಕೊಡತಕ್ಕದ್ದೇ ಹೊರತು ಬಚ್ಚಲಿನ ಹಂಡೆಯೊಲೆಗೆ ಎಂದಿಗೂ ಹಾಕತಕ್ಕದ್ದಲ್ಲ. ಅದರ ವಿಷಧೂಮವನ್ನು ಮೊದಲು ಉಸಿರಾಡುವವಳು ಒಲೆಯ ಮುಂದೆ ಕುಳಿತವಳೇ.

ಮನೆಗೆ ಬೇಕಾದಷ್ಟನ್ನು ಮಾಡಿ, ಮಾಡಿದ್ದನ್ನು ಬಹುಕಾಲ ಬಳಸಿ, ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಈ ಕೆಲಸವನ್ನು ಕಲಿಸಬೇಕೆಂದು ಪ್ರಿಯ ಪೂರ್ವವಿದ್ಯಾರ್ಥಿನಿಯರನ್ನೂ ಪೋಷಕರನ್ನೂ ಬೇಡಿಕೊಳ್ಳುತ್ತೇವೆ.