ಬೆಳೆಗೆ ಹೊಡೆಯುವ ‘ಎಣ್ಣೆ’: ಅದರ ಬೆಂಕಿಗುಣ, ವಿಷಗುಣ



ಬೆಳೆಗೆ ಹುಳು ಬಿದ್ದಾಗ “ನಾಳೆ ಎಣ್ಣೆ ಹೊಡೀಬೇಕು” ಅಂತ ನಾವು ಹೇಳುತ್ತೇವೆ. ಅಂಗಡಿಯವರು ಅದನ್ನು ಔಷಧಿ ಅನ್ನುತ್ತಾರೆ, ಪುಸ್ತಕದಲ್ಲಿ ಕೀಟನಾಶಕ ಎಂದು ಬರೆಯುತ್ತಾರೆ. ಆದರೆ ನಮ್ಮ ಹಳ್ಳಿಯ ಮಾತೇ ಒಂದು ಲೆಕ್ಕಕ್ಕೆ ಸರಿಯಾದದ್ದು. ಏಕೆಂದರೆ ಎಷ್ಟೋ ಡಬ್ಬಗಳಲ್ಲಿ ಹುಳು ಕೊಲ್ಲುವ ಮದ್ದಿಗಿಂತ ಎಣ್ಣೆಯಂಥ ಪದಾರ್ಥವೇ ಹೆಚ್ಚಾಗಿರುತ್ತದೆ. ಮದ್ದಿನ ವಿಷಯ ನಿಮಗೆ ಸಾಕಷ್ಟು ಗೊತ್ತು. ಈ ಹೊತ್ತು ಆ ಎಣ್ಣೆಯ ವಿಚಾರವಾಗಿ ನಾಲ್ಕು ಮಾತು ಹೇಳುತ್ತೇನೆ, ಕೇಳಿ.

ಮನೆಯಲ್ಲಿ ಔಷಧಿ ಡಬ್ಬ ಇದ್ದರೆ ಅದರ ಮೇಲಿನ ಚೀಟಿಯನ್ನು ನೋಡಿ. ಹೆಸರಿನ ಪಕ್ಕದಲ್ಲಿ “20 ಇ.ಸಿ.” ಎಂದೋ “25 ಇ.ಸಿ.” ಎಂದೋ ಅಚ್ಚಾಗಿರಬಹುದು. 20 ಇ.ಸಿ. ಎಂದರೆ ನೂರು ಪಾಲಿನಲ್ಲಿ ಮದ್ದು 20 ಪಾಲು ಮಾತ್ರ. ಹಾಗಾದರೆ ಉಳಿದ 80 ಪಾಲು ಏನು? ಆ ಮದ್ದು ನೀರಿನಲ್ಲಿ ಸುಲಭವಾಗಿ ಕರಗುವ ಜಾತಿಯದಲ್ಲ. ಆದ್ದರಿಂದ ಅದನ್ನು ಮೊದಲು ಒಂದು ದ್ರಾವಕದಲ್ಲಿ ಕರಗಿಸುತ್ತಾರೆ. ಅದರ ಜೊತೆಗೆ ಸೋಪಿನಂಥ ಗುಣವುಳ್ಳ ಇನ್ನೊಂದು ಪದಾರ್ಥವನ್ನೂ ಬೆರೆಸುತ್ತಾರೆ. ಬಕೀಟಿನ ನೀರಿಗೆ ಸುರಿದೊಡನೆ ಅದು ಹಾಲಿನಂತೆ ಬೆಳ್ಳಗಾಗುವುದು ಇದರಿಂದಲೇ.

ಹೀಗೆ ದ್ರಾವಕವಾಗಿ ಬಹುಕಾಲದಿಂದ ಬಳಕೆಯಲ್ಲಿರುವ ಒಂದು ಕೈಗಾರಿಕಾ ರಾಸಾಯನಿಕದ ಹೆಸರು ಕ್ಸೈಲೀನ್. ಇದು ಹೆಚ್ಚಾಗಿ ಕಚ್ಚಾ ಎಣ್ಣೆಯಿಂದ ಬರುತ್ತದೆ. ನೋಡಲು ನೀರಿನ ಹಾಗೆ ತಿಳಿ, ವಾಸನೆ ಕೊಂಚ ಸಿಹಿ. ಬಣ್ಣ, ವಾರ್ನಿಷು, ಥಿನ್ನರು, ಅಚ್ಚಿನ ಶಾಯಿ, ಇವುಗಳ ಕಾರ್ಖಾನೆಗಳಲ್ಲಿಯೂ ಇದರ ಬಳಕೆಯುಂಟು. ಎಲ್ಲ ಇ.ಸಿ. ಡಬ್ಬಗಳಲ್ಲೂ ಇದೇ ಇರುತ್ತದೆ ಅಂತಲ್ಲ. ಕೆಲವದರಲ್ಲಿ ಇದಕ್ಕಿಂತ ಭಾರವಾದ, ಅಷ್ಟು ಬೇಗ ಹೊತ್ತದ ದ್ರಾವಕ ಹಾಕಿರುತ್ತಾರೆ. ಆದರೂ ಇದೊಂದರ ಗುಣ ತಿಳಿದರೆ ಇದರ ಅಣ್ಣತಮ್ಮಂದಿರ ಗುಣವನ್ನೂ ತಿಳಿದಂತೆಯೇ.

ದರ್ಜೆ ಕಟ್ಟುವ ಕ್ರಮ

“ಈ ಎಣ್ಣೆ ಜೋರಾ, ಸಾಧುವಾ?” ಅಂತ ನಾವು ಅಂಗಡಿಯಲ್ಲಿ ಕೇಳುವುದುಂಟು. ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ದನ ಕೊಳ್ಳುವಾಗ ಹಲ್ಲು ಬೇರೆ ನೋಡುತ್ತೀರಿ, ಸುಳಿ ಬೇರೆ ನೋಡುತ್ತೀರಿ, ನಡೆ ಬೇರೆ ನೋಡುತ್ತೀರಿ. ರಾಸಾಯನಿಕಗಳನ್ನು ಪರೀಕ್ಷಿಸುವವರೂ ಹಾಗೆಯೇ ಒಂದೊಂದು ಗುಣವನ್ನೂ ಬೇರೆ ಬೇರೆಯಾಗಿ ನೋಡುತ್ತಾರೆ. ವಿಶ್ವಸಂಸ್ಥೆಯು ಇದಕ್ಕಾಗಿ ಎಲ್ಲ ದೇಶಗಳಿಗೂ ಹೊಂದುವಂಥ ಒಂದು ಪದ್ಧತಿಯನ್ನು 2003ರಲ್ಲಿ ಮೊದಲು ಅಚ್ಚು ಹಾಕಿಸಿತು. ಅದರ ರಟ್ಟು ನೇರಳೆ ಬಣ್ಣದ್ದಾದ್ದರಿಂದ ಅದಕ್ಕೆ ನೇರಳೆ ಪುಸ್ತಕವೆಂದೇ ಹೆಸರು ಬಿತ್ತು.

ಈ ಪದ್ಧತಿಯಲ್ಲಿ ವಸ್ತುವಿನಿಂದ ಬರುವ ಅಪಾಯವನ್ನು ವಿಂಗಡಿಸುತ್ತಾರೆ. ಹೊತ್ತುವುದು, ಸಿಡಿಯುವುದು ಮೊದಲಾದವು ಭೌತಿಕ ಅಪಾಯ. ಮೈಗೆ, ಕಣ್ಣಿಗೆ, ಉಸಿರಿಗೆ ಆಗುವ ಕೇಡು ಆರೋಗ್ಯದ ಅಪಾಯ. ಕೆರೆ ಕಟ್ಟೆಗಳಿಗೂ ಜೀವರಾಶಿಗಳಿಗೂ ಆಗುವ ಕೇಡು ಪರಿಸರದ ಅಪಾಯ. ಒಂದೊಂದಕ್ಕೂ ದರ್ಜೆಗಳುಂಟು. ಇಲ್ಲಿ ಒಂದು ಮಾತನ್ನು ಚೆನ್ನಾಗಿ ನೆನಪಿಡಿ. ಬೆಲ್ಲದಲ್ಲಿ, ಅಕ್ಕಿಯಲ್ಲಿ ಒಂದನೆಯ ದರ್ಜೆ ಎಂದರೆ ಒಳ್ಳೆಯದು. ಇಲ್ಲಿ ಒಂದನೆಯ ದರ್ಜೆ ಎಂದರೆ ಎಲ್ಲಕ್ಕಿಂತ ಕೆಟ್ಟದ್ದು. ಅಂಕಿ ಚಿಕ್ಕದಾದಷ್ಟೂ ಅಪಾಯ ದೊಡ್ಡದು.

ಬೆಂಕಿಗುಣ

ಎಣ್ಣೆ ಹೊತ್ತಿ ಉರಿಯುತ್ತದೆ ಎನ್ನುತ್ತೇವೆ. ನಿಜವಾಗಿ ಮೊದಲು ಹೊತ್ತುವುದು ಅದರಿಂದ ಏಳುವ ಆವಿ. ಒಂದು ಮುಚ್ಚಿದ ಬಟ್ಟಲಿನಲ್ಲಿ ದ್ರವವನ್ನು ಹಾಕಿ ಮೆಲ್ಲಮೆಲ್ಲಗೆ ಕಾಯಿಸುತ್ತಾ, ಆಗಾಗ ಒಂದು ಸಣ್ಣ ಉರಿಯನ್ನು ತೋರಿಸುತ್ತಾರೆ. ಎಷ್ಟು ಡಿಗ್ರಿ ಶಾಖದಲ್ಲಿ ಆ ಆವಿ ಮೊದಲ ಸಲ ಪಕ್ಕನೆ ಮಿಂಚಿ ಹೊತ್ತುತ್ತದೆಯೋ ಅದೇ ಅದರ ಫ್ಲ್ಯಾಷ್ ಪಾಯಿಂಟ್, ಅಂದರೆ ಹೊತ್ತುವ ಮಟ್ಟ.

ಪೆಟ್ರೋಲಿಗೆ ಇದು ಸೊನ್ನೆಗಿಂತಲೂ ಬಹಳ ಕೆಳಗೆ. ಎಂಥ ಚಳಿಯಲ್ಲೂ ಅದು ಹೊತ್ತಲು ಸಿದ್ಧ. ನಮ್ಮ ಕಡಲೆಕಾಯಿ ಎಣ್ಣೆಗೆ ಸುಮಾರು 300 ಡಿಗ್ರಿಯಷ್ಟು ಕಾವು ಬೇಕು. ಅದಕ್ಕೇ ಬಾಣಲೆಯ ಎಣ್ಣೆ ಸುಮ್ಮನೆ ಹೊತ್ತುವುದಿಲ್ಲ. ಕ್ಸೈಲೀನಿನ ಮಟ್ಟ ಸುಮಾರು 25ರಿಂದ 30 ಡಿಗ್ರಿ ಸೆಂಟಿಗ್ರೇಡು. 23ರಿಂದ 60 ಡಿಗ್ರಿಯೊಳಗೆ ಇರುವ ದ್ರವಗಳನ್ನು ಬೆಂಕಿಯ ಮೂರನೆಯ ದರ್ಜೆಗೆ ಸೇರಿಸುತ್ತಾರೆ. ಆದ್ದರಿಂದ ಕ್ಸೈಲೀನ್ ಮೂರನೆಯ ದರ್ಜೆಯದು. ಸೀಮೆಎಣ್ಣೆಯೂ ಇದೇ ದರ್ಜೆಯದೇ. ಆದರೆ ಕ್ಸೈಲೀನ್ ಅದಕ್ಕಿಂತ ಮುಂಚೆಯೇ ಹೊತ್ತುತ್ತದೆ.

ಮೂರನೆಯದು ತಾನೆ ಅಂತ ಉದಾಸೀನ ಮಾಡಬೇಡಿ. ರಾಯಚೂರು, ಕಲಬುರಗಿ ಕಡೆ ಬೇಸಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ತಗಡಿನ ಮನೆಯೊಳಗಿನ ಕಾವು ನಿಮಗೇ ಗೊತ್ತು. ಬೆಂಗಳೂರು, ಮೈಸೂರಿನಂಥ ತಂಪು ಸೀಮೆಯಲ್ಲೂ ಮಧ್ಯಾಹ್ನಕ್ಕೆ 30 ಡಿಗ್ರಿ ಆಗುವುದು ಅಪರೂಪವಲ್ಲ. ಅಂದಮೇಲೆ ವರ್ಷದ ಹೆಚ್ಚು ಹಗಲುಗಳಲ್ಲಿ ನಮ್ಮ ಕೊಠಡಿಯ ಕಾವೇ ಈ ಮಟ್ಟವನ್ನು ಮುಟ್ಟಿರುತ್ತದೆ. ಇನ್ನು ಬೇಕಾದ್ದು ಒಂದು ಕಿಡಿ ಮಾತ್ರ.

ಇನ್ನೊಂದು ಸಂಗತಿ. ಇದರ ಆವಿ ಗಾಳಿಗಿಂತ ಮೂರೂವರೆ ಪಟ್ಟಿಗೂ ಹೆಚ್ಚು ಭಾರ. ಹೊಗೆಯ ಹಾಗೆ ಮೇಲಕ್ಕೆ ಏಳುವುದಿಲ್ಲ. ಕಾಲುವೆಯ ನೀರಿನ ಹಾಗೆ ನೆಲ ಹಿಡಿದು ತಗ್ಗಿಗೆ ಹರಿಯುತ್ತದೆ. ನೂರು ಪಾಲು ಗಾಳಿಯಲ್ಲಿ ಒಂದು ಪಾಲು ಈ ಆವಿ ಬೆರೆತರೂ ಹೊತ್ತುವುದಕ್ಕೆ ಸಾಕು. ರಾತ್ರಿ ಕತ್ತಲಲ್ಲಿ ಯಾರೋ ಎಡವಿ ಮೂಲೆಯಲ್ಲಿದ್ದ ಡಬ್ಬ ಉರುಳಿತು ಅನ್ನಿ. ಡಬ್ಬ ಒಂದು ಕಡೆ, ಒಲೆ ಇನ್ನೊಂದು ಕಡೆ. ಆದರೂ ಆವಿ ನೆಲದ ಮೇಲೆ ತೆವಳುತ್ತಾ ಹೋಗಿ ಒಲೆಯ ಕೆಂಡವನ್ನು ಮುಟ್ಟಿದರೆ, ಉರಿ ಅದೇ ದಾರಿ ಹಿಡಿದು ಡಬ್ಬಕ್ಕೆ ಓಡಿ ಬರುತ್ತದೆ. ಡಬ್ಬವನ್ನು ಅಡಿಗೆಮನೆಯಲ್ಲಿ, ದೇವರ ದೀಪದ ಹತ್ತಿರ ಇಡಕೂಡದು ಎನ್ನುವುದು ಈ ಕಾರಣಕ್ಕೆ.

ವಿಷಗುಣ

ಈಗ ಆರೋಗ್ಯದ ಲೆಕ್ಕಕ್ಕೆ ಬರೋಣ. ಅಪಾಯ ಮೈಯೊಳಗೆ ಬರಲು ಮೂಗು, ಚರ್ಮ, ಕಣ್ಣು, ಬಾಯಿ ಎಂದು ನಾಲ್ಕು ಬಾಗಿಲು. ಒಂದೊಂದು ಬಾಗಿಲಿಗೂ ಲೆಕ್ಕ ಬೇರೆ.

ಮೂಗು: ಆವಿಯನ್ನು ಹೆಚ್ಚು ಹೊತ್ತು ಕುಡಿದರೆ ತಲೆನೋವು, ತಲೆಸುತ್ತು, ಓಕರಿಕೆ, ಆಮೇಲೆ ಅಮಲೇರಿದವರ ಹಾಗೆ ತೂರಾಡುವುದು. ಅಂಥವರನ್ನು ಕೂಡಲೇ ಬಯಲಿನ ಗಾಳಿಗೆ ಕರೆತನ್ನಿ. ಬಾವಿಯ ದಡಕ್ಕೋ ಟ್ರ್ಯಾಕ್ಟರಿನ ಮೇಲಕ್ಕೋ ಬಿಡಬೇಡಿ. “ವಾಸನೆ ಬರ್ತಾ ಇಲ್ಲ, ಪರವಾಗಿಲ್ಲ” ಅಂತ ನಂಬಿ ಕೂರಬೇಡಿ; ಸ್ವಲ್ಪ ಹೊತ್ತಿಗೆ ಮೂಗು ಆ ವಾಸನೆಗೆ ಒಗ್ಗಿಹೋಗಿರುತ್ತದೆ.

ಚರ್ಮ: ಇದು ಚರ್ಮದ ಸಹಜವಾದ ಜಿಡ್ಡನ್ನು ತೆಗೆದುಹಾಕುತ್ತದೆ. ಕೈ ಒಣಗಿ, ಒಡೆದು, ಉರಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ತನ್ನಲ್ಲಿ ಕರಗಿರುವ ಮದ್ದನ್ನೂ ಚರ್ಮದೊಳಕ್ಕೆ ಕರೆದುಕೊಂಡು ಹೋಗುತ್ತದೆ. ಮೂಗು ಮತ್ತು ಚರ್ಮದ ಲೆಕ್ಕದಲ್ಲಿ ಬರಿಯ ಕ್ಸೈಲೀನಿನ ವಿಷ ನಾಲ್ಕನೆಯ ದರ್ಜೆಯದು.

ಕಣ್ಣು: ಸಿಡಿದರೆ ಉರಿ, ಕೆಂಪು, ನೀರು. ಕಣ್ಣು ತೆರೆದಿಟ್ಟು ಕಾಲು ಗಂಟೆ ತಿಳಿನೀರು ಬಿಡಬೇಕು.

ಬಾಯಿ: ಇಲ್ಲಿದೆ ನೋಡಿ ನಿಜವಾದ ಗಂಡಾಂತರ. ಮಗು ತಿಳಿಯದೆ ಒಂದು ಗುಟುಕು ಕುಡಿದಿದೆ ಅನ್ನಿ. ಮನೆಯವರು ಗಾಬರಿಬಿದ್ದು ಉಪ್ಪುನೀರು ಕುಡಿಸಿ, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ. ಆದರೆ ಈ ದ್ರವ ನೀರಿನಷ್ಟೇ ತೆಳು. ಕುಡಿಯುವಾಗ ಅಥವಾ ವಾಂತಿಯಾಗಿ ಮೇಲೆ ಬರುವಾಗ ಕೆಲವೇ ತೊಟ್ಟು ಉಸಿರಿನ ಕೊಳವೆಗೆ ಜಾರಿದರೂ ಶ್ವಾಸಕೋಶದೊಳಗೆ ಹರಡಿಕೊಂಡು ಅಲ್ಲಿ ಬಾವು ಬರಿಸುತ್ತದೆ, ಪ್ರಾಣಕ್ಕೇ ಮುಟ್ಟಬಹುದು. ಈ ಒಂದು ಗುಣಕ್ಕೆ ನೇರಳೆ ಪುಸ್ತಕದ ಪದ್ಧತಿಯಲ್ಲಿ ಕ್ಸೈಲೀನಿಗೆ ಒಂದನೆಯ ದರ್ಜೆ.

ನೋಡಿದಿರಾ? ವಸ್ತು ಒಂದೇ. ಚರ್ಮದ ಲೆಕ್ಕದಲ್ಲಿ ನಾಲ್ಕು, ಬೆಂಕಿಯ ಲೆಕ್ಕದಲ್ಲಿ ಮೂರು, ಶ್ವಾಸಕೋಶದ ಲೆಕ್ಕದಲ್ಲಿ ಒಂದು. ಜೋರೋ ಸಾಧುವೋ ಎಂದು ಕೇಳುವ ಬದಲು, ಯಾವುದಕ್ಕೆ ಜೋರು, ಯಾವ ಬಾಗಿಲಿನಿಂದ ಬಂದರೆ ಜೋರು ಎಂದು ಕೇಳಬೇಕು.

ಆದಕಾರಣ ಇಂಥ ಎಣ್ಣೆಯನ್ನು ಕುಡಿದವರಿಗೆ ನೀವಾಗಿ ವಾಂತಿ ಮಾಡಿಸಕೂಡದು. ಹಾಲು, ಎಣ್ಣೆ, ಹುಣಿಸೆನೀರು ಯಾವುದನ್ನೂ ಕುಡಿಸಕೂಡದು. ತಾನಾಗಿಯೇ ವಾಂತಿ ಬಂದರೆ ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಿ. ತಡಮಾಡದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸೇರಿಸಿ. ಡಬ್ಬವನ್ನು ಅಥವಾ ಅದರ ಚೀಟಿಯನ್ನು ಜೊತೆಗೆ ಒಯ್ಯಿರಿ. ಒಳಗಿನ ಮದ್ದು ಯಾವುದು, ದ್ರಾವಕ ಯಾವುದು ಎಂದು ತಿಳಿದರೆ ವೈದ್ಯರಿಗೆ ಅರ್ಧ ಕೆಲಸ ಹಗುರಾಗುತ್ತದೆ.

ಡಬ್ಬದ ಮೇಲಿನ ಬಣ್ಣ ಹೇಳುವುದೆಷ್ಟು?

1968ರ ಕೀಟನಾಶಕ ಕಾಯಿದೆ, 1971ರ ನಿಯಮಗಳ ಪ್ರಕಾರ ಡಬ್ಬದ ಮೇಲೆ ವಜ್ರಾಕಾರದ ಒಂದು ಗುರುತು ಬಂತು. ಅದರ ಕೆಳಗಿನ ತ್ರಿಕೋನದಲ್ಲಿ ಬಣ್ಣವಿರುತ್ತದೆ. ಪ್ರಯೋಗದ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯಲು, ಮೈತೂಕದ ಒಂದೊಂದು ಕಿಲೋಗೆ ಎಷ್ಟು ಮಿಲಿಗ್ರಾಂ ವಿಷ ಬಾಯಿಯ ಮೂಲಕ ಹೋಗಬೇಕು ಎಂಬುದು ಅದರ ಒಂದು ಅಳತೆ. 1ರಿಂದ 50 ಆದರೆ ಕೆಂಪು, 51ರಿಂದ 500 ಹಳದಿ, 501ರಿಂದ 5000 ನೀಲಿ, ಅದಕ್ಕೂ ಮೇಲಾದರೆ ಹಸಿರು. ಕೆಂಪು ಇದ್ದರೆ ಮೇಲೆ ತಲೆಬುರುಡೆಯ ಚಿತ್ರವೂ ಇರುತ್ತದೆ.

ಈ ಬಣ್ಣ ಹೇಳುವುದು ವಿಷದ ಬಲವನ್ನು ಮಾತ್ರ. ಬೆಂಕಿಯ ಮಾತನ್ನು ಅದು ಹೇಳುವುದಿಲ್ಲ. “ನೀಲಿ ಇದೆಯಲ್ಲ, ಏನಾಗಲ್ಲ ಬಿಡಿ” ಅಂತ ಡಬ್ಬದ ಪಕ್ಕದಲ್ಲೇ ಬೀಡಿ ಹಚ್ಚಿದರೆ, ತಪ್ಪು ಬಣ್ಣದ್ದಲ್ಲ, ನಮ್ಮದು. ಹೊತ್ತುವ ಗುಣವಿದ್ದರೆ, ಬೆಂಕಿಯಿಂದ ದೂರವಿಡಿ ಎಂಬ ಎಚ್ಚರಿಕೆಯ ಮಾತು ಚೀಟಿಯಲ್ಲಿ ಬೇರೆಯಾಗಿ ಇರುತ್ತದೆ. ಅದನ್ನು ಹುಡುಕಿ ಓದಬೇಕು. ಕಾರ್ಖಾನೆಯಿಂದ ಬರುವ ಥಿನ್ನರು ಮುಂತಾದ ಡಬ್ಬಗಳಲ್ಲಿ ಕೆಂಪು ಅಂಚಿನ ಚೌಕ ಮೂಲೆಯ ಮೇಲೆ ನಿಂತಂತೆ ಕಾಣಬಹುದು. ಅದರೊಳಗೆ ಉರಿಯ ಚಿತ್ರವಿದ್ದರೆ ಬೆಂಕಿಯ ಅಪಾಯ. ಮನುಷ್ಯನ ಎದೆಯಲ್ಲಿ ನಕ್ಷತ್ರ ಸೀಳಿದಂತಿದ್ದರೆ ಒಳ ಅಂಗಗಳಿಗೆ ಅಪಾಯ. ಆಶ್ಚರ್ಯಸೂಚಕ ಚಿಹ್ನೆ ಇದ್ದರೆ ಮೈಕೈ ಉರಿ ಮುಂತಾದ ಕೆಳದರ್ಜೆಯ ಅಪಾಯ. ಕ್ಸೈಲೀನಿಗೆ ಈ ಮೂರೂ ಉಂಟು.

ನಾವು ಮಾಡತಕ್ಕದ್ದು

ಹೋರಿಗೆ ಕೊಂಬಿರುವುದು ಅದರ ಗುಣ. ಹಾಯುವುದು ಅನಾಹುತ. ಕೊಂಬು ಇದೆ ಅಂತ ಯಾರೂ ಹೋರಿ ಸಾಕುವುದನ್ನು ಬಿಡುವುದಿಲ್ಲ; ಮೂಗುದಾರ ಹಾಕಿ ಕಟ್ಟುತ್ತಾರೆ. ಈ ಎಣ್ಣೆಗೂ ಮೂಗುದಾರ ಬೇಕು.

ಡಬ್ಬವನ್ನು ವಾಸದ ಮನೆಯಿಂದ ಹೊರಗೆ, ಗಾಳಿಯಾಡುವ ನೆರಳಿನ ಜಾಗದಲ್ಲಿ ಬೀಗ ಹಾಕಿ ಇಡಿ. ಹುಲ್ಲು, ಸೌದೆ, ಗೊಬ್ಬರ, ಕಾಳುಕಡ್ಡಿಗಳ ಜೊತೆಯಲ್ಲಿ ಬೇಡ. ತಂಪು ಪಾನೀಯದ ಬಾಟಲಿಗೆ, ನೀರಿನ ಬಾಟಲಿಗೆ ಎಂದೂ ಸುರಿದಿಡಬೇಡಿ. ಕೆಲವು ಜಾತಿಯ ಪ್ಲಾಸ್ಟಿಕ್ಕನ್ನು ಇದು ಮೆತ್ತಗೆ ಮಾಡುತ್ತದೆ. ಮೇಲಾಗಿ ಮಗುವಿಗೆ ಅದು ಶರಬತ್ತಿನ ಹಾಗೆ ಕಾಣುತ್ತದೆ.

ಬೆರೆಸುವ ಹೊತ್ತೇ ಹೆಚ್ಚು ಎಚ್ಚರದ ಹೊತ್ತು, ಏಕೆಂದರೆ ಆಗ ಎಣ್ಣೆ ಗಟ್ಟಿಯಾಗಿರುತ್ತದೆ. ಬಯಲಿನಲ್ಲಿ, ಗಾಳಿಗೆ ಬೆನ್ನು ಕೊಟ್ಟು ಬೆರೆಸಿ. ತೆಳು ರಬ್ಬರಿನ ಕೈಚೀಲ ಈ ದ್ರಾವಕಕ್ಕೆ ಉಬ್ಬಿ ಹಾಳಾಗುತ್ತದೆ. ನೈಟ್ರೈಲ್ ಎಂಬ ಜಾತಿಯದು ಮೇಲು. ನೀರಿಗೆ ಬೆರೆತ ಮೇಲೆ ಬೆಂಕಿಯ ಭಯ ಬಹುಮಟ್ಟಿಗೆ ಹೋಗುತ್ತದೆ, ವಿಷದ ಭಯ ಹೋಗುವುದಿಲ್ಲ. ಔಷಧಿ ಹೊಡೆದ ಬಟ್ಟೆಯನ್ನು ಮನೆಯವರ ಬಟ್ಟೆಯ ಜೊತೆ ಸೇರಿಸದೆ ಬೇರೆಯಾಗಿ ಒಗೆಯಿರಿ.

ಎಣ್ಣೆ ಚೆಲ್ಲಿದರೆ ಮೊದಲು ಸುತ್ತಲಿನ ಬೆಂಕಿ ಆರಿಸಿ, ವಿದ್ಯುತ್ ಸ್ವಿಚ್ಚು ಮುಟ್ಟಬೇಡಿ, ಒಣಮಣ್ಣು ಹಾಕಿ ಹೀರಿಸಿ. ಹೊತ್ತಿಕೊಂಡರೆ ನೀರು ಎರಚಬೇಡಿ. ಇದು ನೀರಿಗಿಂತ ಹಗುರ. ನೀರಿನ ಮೇಲೆ ತೇಲಿಕೊಂಡು ಉರಿಯನ್ನು ದೂರಕ್ಕೆ ಒಯ್ಯುತ್ತದೆ. ಸಣ್ಣ ಉರಿಯಾದರೆ ಮರಳು, ಮಣ್ಣು ಮುಚ್ಚಿ. ದೊಡ್ಡದಾದರೆ ಹೊಗೆಯಲ್ಲಿ ವಿಷವಿರುವುದರಿಂದ ಜನ, ದನಗಳನ್ನು ಗಾಳಿ ಬರುವ ಕಡೆಗೆ ದೂರ ಸರಿಸಿ ಅಗ್ನಿಶಾಮಕದವರನ್ನು ಕರೆಯಿರಿ.

ಬರಿದಾದ ಡಬ್ಬ ನಿಜವಾಗಿ ಬರಿದಲ್ಲ. ಒಳಗೆ ಆವಿ ಉಳಿದಿರುತ್ತದೆ. ಒಲೆಗೆ ಹಾಕುವುದು, ಬೆಸುಗೆ ಮಾಡಿಸುವುದು, ನೀರು ತುಂಬುವುದು ಯಾವುದೂ ಕೂಡದು. ಮೂರು ಸಲ ತೊಳೆದು, ಆ ನೀರನ್ನು ಸಿಂಪಡಿಸುವ ಟ್ಯಾಂಕಿಗೇ ಸುರಿದು, ಡಬ್ಬಕ್ಕೆ ತೂತು ಮಾಡಿಬಿಡಿ.

ಬಾಂಧವರೆ, ಒಂದು ಕೆಲಸ ಮಾಡಿ. ಈ ಮಾತು ಮುಗಿದೊಡನೆ ಎದ್ದು ಹೋಗಿ ನಿಮ್ಮ ಮನೆಯ ಡಬ್ಬ ಎಲ್ಲಿದೆ ನೋಡಿ. ಒಲೆಗೆ ಎಷ್ಟು ದೂರ? ಮಗುವಿನ ಕೈಗೆ ಎಷ್ಟು ದೂರ? ಚೀಟಿಯ ಅಕ್ಷರ ಸಣ್ಣದಾಗಿದ್ದರೆ ಸ್ಕೂಲಿಗೆ ಹೋಗುವ ಮಗನಿಂದಲೋ ಮಗಳಿಂದಲೋ ಗಟ್ಟಿಯಾಗಿ ಓದಿಸಿ, ಮನೆಯವರೆಲ್ಲ ಕೇಳಿ. ಬೆಳೆ ಉಳಿಸಿಕೊಳ್ಳಲು ತಂದ ವಸ್ತು ಅದು. ಮನೆಯನ್ನೂ ಮಕ್ಕಳನ್ನೂ ಉಳಿಸಿಕೊಂಡೇ ಬೆಳೆ ಉಳಿಸಿಕೊಳ್ಳೋಣ.