ಐಸ್‌ಕ್ರೀಂ ಕಪ್ಪಿಗೆ ಜಾಗ ಎಲ್ಲಿದೆ?

2025ರ ಸೆಪ್ಟೆಂಬರ್ 22ರಂದು ಐಸ್‌ಕ್ರೀಂ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿಯಿತು. ಅದೇ ದಿನ ಸಕ್ಕರೆ ಹಾಕಿದ ಸೋಡಾ ಪಾನೀಯಗಳು ಶೇ 40ರ ಸಾಲಿಗೆ ಸೇರಿದವು. ಒಂದೇ ಸಕ್ಕರೆ, ಬಾಟಲಿಯಲ್ಲಿದ್ದರೆ ಚಟ, ಕಪ್ಪಿನಲ್ಲಿದ್ದರೆ ಮನೆಸಾಮಾನು. ತೆರಿಗೆಯ ತರ್ಕ ಏನೇ ಇರಲಿ, ಅಗ್ಗವಾದ ತಿನಿಸು ಹೆಚ್ಚು ಖರ್ಚಾಗುತ್ತದೆ ಎಂದು ತಿಳಿಯಲು ಅರ್ಥಶಾಸ್ತ್ರ ಓದಬೇಕಿಲ್ಲ.

ಇದನ್ನು ಕಾಗವಾಡ ತಾಲ್ಲೂಕಿನ ಜುಗೂಳದಂಥ ಊರಿನಲ್ಲಿಟ್ಟು ನೋಡೋಣ. ಕೃಷ್ಣೆಯ ದಂಡೆಯ ಊರು. ಹೊಳೆ ದಾಟಿದರೆ ಮಹಾರಾಷ್ಟ್ರದ ಖಿದ್ರಾಪುರ, ಅಲ್ಲಿಯ ಕೋಪೇಶ್ವರ ಗುಡಿ. ಇದೇ ತಾಲ್ಲೂಕಿನ ಉಗಾರದಲ್ಲಿದೆ 1939ರಲ್ಲಿ ಹುಟ್ಟಿದ ಉಗಾರ ಶುಗರ್ ವರ್ಕ್ಸ್. ನಿಪ್ಪಾಣಿಯ ತಂಬಾಕನ್ನು ಬದಿಗಿಟ್ಟರೆ ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಬದುಕು ಬಹುಮಟ್ಟಿಗೆ ನಿಂತಿರುವುದು ಕಬ್ಬಿನ ಬಿಲ್ಲು ಮತ್ತು ಡೇರಿಗೆ ಹಾಕುವ ಹಾಲಿನ ಮೇಲೆ. ಐಸ್‌ಕ್ರೀಂಗೆ ಬೇಕಾದ ಎರಡೂ ಮುಖ್ಯ ಪದಾರ್ಥಗಳು ಇಲ್ಲಿಯವೇ. ಬೇಸಿಗೆಯಲ್ಲಿ ಸೈಕಲ್ ಮೇಲೆ ಬರುತ್ತಿದ್ದ ಐಸ್‌ಕ್ಯಾಂಡಿ ಪೆಟ್ಟಿಗೆ, ಚಿಂಚಲಿ ಮಾಯಕ್ಕನ ಜಾತ್ರೆಯ ಕುಲ್ಫಿ, ಇಷ್ಟಕ್ಕೆ ಮುಗಿಯುತ್ತಿದ್ದ ತಂಪು ಸಿಹಿ ಈಗ ಕಿರಾಣಿ ಅಂಗಡಿಯ ಫ್ರೀಜರ್‌ನಲ್ಲಿ ವರ್ಷಪೂರ್ತಿ ಸಿಗುತ್ತದೆ. ಮದುವೆ ಊಟವಂತೂ ಅದಿಲ್ಲದೆ ಮುಗಿಯುವುದೇ ಇಲ್ಲ.

ಆರೋಗ್ಯ ನೋಡಿಕೊಂಡು ಉಣ್ಣುವವರು ಐಸ್‌ಕ್ರೀಂ ತಿನ್ನಬಹುದೇ? ತಿನ್ನಬಹುದು. ಆದರೆ ಅದನ್ನು ತೀರ್ಮಾನಿಸುವುದು ಆ ಕಪ್ ಅಲ್ಲ, ಆ ದಿನ ಅದಕ್ಕೆ ಮುಂಚೆ ಹೊಟ್ಟೆಗೆ ಹೋದ ಸಕ್ಕರೆ.

ಮೊದಲು ಕಪ್ಪನ್ನೇ ಅಳೆಯೋಣ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ, ಕೆನೆ ಕಡಿಮೆ ಮಾಡದ ಐಸ್‌ಕ್ರೀಂನಲ್ಲಿ ಕನಿಷ್ಠ ಶೇ 10ರಷ್ಟು ಹಾಲಿನ ಕೊಬ್ಬು ಇರಬೇಕು, ಮತ್ತು ಒಂದು ಲೀಟರ್ ಐಸ್‌ಕ್ರೀಂ ಕನಿಷ್ಠ 525 ಗ್ರಾಂ ತೂಗಬೇಕು. ಒಂದು ಲೀಟರ್ ಹಾಲು ಒಂದು ಕಿಲೋಗಿಂತ ಕೊಂಚ ಹೆಚ್ಚೇ ತೂಗುತ್ತದೆ. ಐಸ್‌ಕ್ರೀಂ ಅದರ ಅರ್ಧ ತೂಗಿದರೂ ಸಾಕು. ಉಳಿದದ್ದು ಕಡೆಯುವಾಗ ಸೇರಿಸಿದ ಗಾಳಿ. ಐಸ್‌ಕ್ರೀಂ ಅನ್ನು ಗ್ರಾಂನಲ್ಲಿ ಮಾರದೆ ಮಿಲಿಲೀಟರಿನಲ್ಲಿ ಮಾರುವುದು ಸುಮ್ಮನೆ ಅಲ್ಲ. ಹಾಗಾಗಿ 100 ಮಿಲಿಲೀಟರಿನ ಕಪ್ಪಿನಲ್ಲಿ 55 ಗ್ರಾಂ ಆಸುಪಾಸು ಪದಾರ್ಥ, ಅದರಲ್ಲಿ ಎಂಟು ಗ್ರಾಂನಷ್ಟು ಹಾಕಿದ ಸಕ್ಕರೆ, ಒಟ್ಟು 110 ಕಿಲೋಕ್ಯಾಲರಿ ಇರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ದಿನಕ್ಕೆ 25 ಗ್ರಾಂ ಸಕ್ಕರೆಯ ಮಿತಿ ಹಾಕಿದೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿದ ಉತ್ತಮ ಮಿತಿಯೂ, ದಿನಕ್ಕೆ 2,000 ಕಿಲೋಕ್ಯಾಲರಿ ತಿನ್ನುವವರಿಗೆ, ಅಷ್ಟೇ ಆಗುತ್ತದೆ. ಎಂಟು ಗ್ರಾಂ ಅದರೊಳಗೆ ಆರಾಮಾಗಿ ಹಿಡಿಯುತ್ತದೆ.

ಹಿಡಿಯುವುದು ಮಿಕ್ಕ ಜಾಗ ಖಾಲಿ ಇದ್ದರೆ. ಒಂದು ಚಹಾಕ್ಕೆ ಎರಡು ಚಿಕ್ಕ ಚಮಚೆ ಸಕ್ಕರೆ ಎಂದರೆ ಎಂಟು-ಹತ್ತು ಗ್ರಾಂ. ಬೆಳಗ್ಗೆ ಎದ್ದಾಗ ಒಂದು, ನಾಷ್ಟಾ ಜೊತೆ ಒಂದು, ಯಾರೋ ಬೀಗರು ಬಂದರೆಂದು ಒಂದು, ಸಂಜೆ ಒಂದು. ನಾಲ್ಕು ಚಹಾಕ್ಕೇ ಮಿತಿ ಮುಗಿದು ಮೇಲೆ ಹೋಗಿರುತ್ತದೆ. ಇದು ಎಲ್ಲ ಮನೆಗೂ ಒಪ್ಪುವ ಅಳತೆ ಅಲ್ಲ, ಆದ್ದರಿಂದ ನಿಮ್ಮ ಮನೆಯದನ್ನು ನೀವೇ ಹಾಕಿ: ತಿಂಗಳಿಗೆ ತರುವ ಸಕ್ಕರೆಯನ್ನು ಮನೆಮಂದಿಯ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು 30ರಿಂದ ಭಾಗಿಸಿ. ಐದು ಜನರ ಮನೆಯಲ್ಲಿ ತಿಂಗಳಿಗೆ ಆರು ಕಿಲೋ ಮುಗಿದರೆ ತಲೆಗೆ ದಿನಕ್ಕೆ 40 ಗ್ರಾಂ. ಇದರಲ್ಲಿ ಬಿಸ್ಕೀಟು, ಬೇಕರಿ, ಹೊರಗಿನ ಚಹಾ ಯಾವುದೂ ಸೇರಿಲ್ಲ. ಬೆಲ್ಲವೂ ಸೇರಿಲ್ಲ, ಅದನ್ನು ಸೇರಿಸಲೇಬೇಕು. ಬೆಲ್ಲದಲ್ಲಿ ಕೊಂಚ ಕಬ್ಬಿಣ, ಖನಿಜ ಉಂಟು ನಿಜ, ಆದರೆ ಅದರ ಬಹುಭಾಗ ಕಾರ್ಖಾನೆಯ ಸಕ್ಕರೆಯಲ್ಲಿರುವ ಸುಕ್ರೋಸೇ. ಗಾಣದಿಂದ ಬಂತೆಂದು ಯಕೃತ್ತು ಅದಕ್ಕೆ ಬೇರೆ ಮರ್ಯಾದೆ ಕೊಡುವುದಿಲ್ಲ. ‘ಬೆಲ್ಲದ ಐಸ್‌ಕ್ರೀಂ, ಆರೋಗ್ಯಕ್ಕೆ ಒಳ್ಳೆಯದು’ ಎಂಬ ಹೊಸ ಫಲಕಗಳಿಗೂ ಇದೇ ಉತ್ತರ.

ಇಷ್ಟು ಸಕ್ಕರೆ ಒಳಗೆ ಹೋಗುತ್ತಿದ್ದರೂ ಐಸ್‌ಕ್ರೀಂ ತಿನ್ನುವಾಗ ನಮಗೆ ಅನ್ನಿಸುವುದಿಲ್ಲವೇಕೆ? ಕರಗಿದ ಐಸ್‌ಕ್ರೀಂ ಕುಡಿದು ನೋಡಿ, ಗಂಟಲು ಹಿಡಿಯುವಷ್ಟು ಸಿಹಿ. ನಾಲಗೆಯ ರುಚಿಕೋಶಗಳಲ್ಲಿ ಟಿಆರ್‌ಪಿಎಂ5 ಎಂಬ ಪ್ರೋಟೀನ್ ಇದೆ. ಸಿಹಿಯ ಸಂದೇಶವನ್ನು ನರಕ್ಕೆ ದಾಟಿಸುವಲ್ಲಿ ಅದರ ಪಾತ್ರ ದೊಡ್ಡದು. 15 ಡಿಗ್ರಿಯಿಂದ 35 ಡಿಗ್ರಿವರೆಗೆ ಬಿಸಿ ಏರಿದಂತೆ ಅದರ ಕೆಲಸ ಚುರುಕಾಗುತ್ತದೆ, ತಣ್ಣಗಾದರೆ ಮಂದವಾಗುತ್ತದೆ ಎಂದು ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲಿ ತೋರಿಸಿದರು. ತಣ್ಣನೆ ಬಾಯಿಗೆ ಸಿಹಿ ಹತ್ತಬೇಕಾದರೆ ತಯಾರಕ ಹೆಚ್ಚು ಸಕ್ಕರೆ ಹಾಕಲೇಬೇಕು. ಅವನಿಗೆ ಇನ್ನೊಂದು ಕಾರಣವೂ ಇದೆ. ಸಕ್ಕರೆ ಕರಗಿದ ನೀರು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟುವುದಿಲ್ಲ. ಫ್ರೀಜರ್‌ನ ಮೈನಸ್ 18ರಲ್ಲೂ ಸ್ವಲ್ಪ ನೀರು ದ್ರವವಾಗಿಯೇ ಉಳಿದು ಐಸ್‌ಕ್ರೀಂ ಚಮಚಕ್ಕೆ ಬಗ್ಗುತ್ತದೆ. ಸಕ್ಕರೆ ತೆಗೆದರೆ ಅದು ಕಲ್ಲಾಗುತ್ತದೆ.

ದೇಹದೊಳಗೂ ಇಂಥದೇ ಮರೆಮಾಚುವಿಕೆ ನಡೆಯುತ್ತದೆ. ಕೊಬ್ಬು ಇರುವುದರಿಂದ ಐಸ್‌ಕ್ರೀಂ ಹೊಟ್ಟೆಯಿಂದ ನಿಧಾನವಾಗಿ ಕೆಳಗಿಳಿಯುತ್ತದೆ, ರಕ್ತದಲ್ಲಿ ಗ್ಲೂಕೋಸ್ ನಿಧಾನವಾಗಿ ಏರುತ್ತದೆ. ಮನೆಯಲ್ಲಿ ಮೀಟರ್ ಇಟ್ಟುಕೊಂಡವರು ತಿಂದ ಒಂದು ಗಂಟೆಗೆ ಬೆರಳು ಚುಚ್ಚಿ ನೋಡಿ, ‘ಅಷ್ಟೇನೂ ಏರಲಿಲ್ಲ’ ಎಂದು ಸಮಾಧಾನಪಡುತ್ತಾರೆ. ಸಕ್ಕರೆಯ ಪ್ರತಿ ಕಣ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಮೀಟರ್ ಅಳೆಯುವುದು ಗ್ಲೂಕೋಸನ್ನು ಮಾತ್ರ. ಫ್ರಕ್ಟೋಸ್ ಬಹುಪಾಲು ಯಕೃತ್ತಿಗೆ ಹೋಗುತ್ತದೆ, ದಿನವೂ ಹೆಚ್ಚಾದರೆ ಅಲ್ಲಿ ಕೊಬ್ಬಾಗಿ ಮಾರ್ಪಡುತ್ತದೆ. ಯಕೃತ್ತಿನಲ್ಲಿ ಕೊಬ್ಬು ತುಂಬಿದಂತೆ ಇನ್ಸುಲಿನ್ನಿನ ಮಾತನ್ನು ಅದು ಕೇಳದಂತಾಗುತ್ತದೆ. ಮೀಟರ್ ಸುಮ್ಮನಿದ್ದ ವರ್ಷಗಳಲ್ಲೇ ಈ ಕೆಲಸ ಸಾಗಿರುತ್ತದೆ.

ಇನ್ನು ಮುಂದಿನ ಅಪಾಯದ ಮಾತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ‘ಇಂಡಿಯಾಬ್’ ಸಮೀಕ್ಷೆ 2008ರಿಂದ 2020ರವರೆಗೆ ದೇಶದ 1.13 ಲಕ್ಷ ಜನರನ್ನು ಪರೀಕ್ಷಿಸಿತು. ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಮಧುಮೇಹ ಪಟ್ಟಣದಲ್ಲಿ ಶೇ 16.4, ಹಳ್ಳಿಯಲ್ಲಿ ಶೇ 8.9. ಇಷ್ಟನ್ನೇ ಓದಿದವರು ಹಳ್ಳಿ ಇನ್ನೂ ಗಟ್ಟಿ ಇದೆ ಅಂದುಕೊಳ್ಳುತ್ತಾರೆ. ಅದೇ ವರದಿಯ ಮತ್ತೊಂದು ಸಾಲು ನೋಡಿ: ಮಧುಮೇಹಪೂರ್ವ ಸ್ಥಿತಿ, ಅಂದರೆ ರಕ್ತದ ಸಕ್ಕರೆ ಸಹಜಕ್ಕಿಂತ ಮೇಲೆ, ಆದರೆ ಕಾಯಿಲೆಯ ಗೆರೆಗಿಂತ ಕೆಳಗೆ ಇರುವ ಸ್ಥಿತಿ, ಪಟ್ಟಣದಲ್ಲಿ ಶೇ 15.4, ಹಳ್ಳಿಯಲ್ಲಿ ಶೇ 15.2. ಇಲ್ಲಿ ವ್ಯತ್ಯಾಸವೇ ಇಲ್ಲ. ಈ ಸ್ಥಿತಿಯಲ್ಲಿದ್ದವರನ್ನು ಚೆನ್ನೈನಲ್ಲಿ ಸುಮಾರು ಒಂಬತ್ತು ವರ್ಷ ಹಿಂಬಾಲಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ 58.9ರಷ್ಟು ಜನ ಮಧುಮೇಹಿಗಳಾಗಿದ್ದರು. ಅದು ಮಹಾನಗರದ ಲೆಕ್ಕ, ಹಳ್ಳಿಗೆ ಅಂಕಿ ಅಂಕಿಯಾಗಿ ಹೊಂದಬೇಕೆಂದಿಲ್ಲ. ಆದರೂ ಎರಡನ್ನೂ ಪಕ್ಕಪಕ್ಕ ಇಟ್ಟರೆ ಹಳ್ಳಿ ಪಟ್ಟಣಕ್ಕಿಂತ ಸುರಕ್ಷಿತವಾಗಿದೆ ಎನ್ನಲು ಆಗದು. ಅದು ಕೆಲವು ವರ್ಷ ಹಿಂದಿದೆ, ಅಷ್ಟೇ.

‘ನಾನು ತೆಳ್ಳಗಿದ್ದೇನೆ’ ಎಂಬ ಧೈರ್ಯಕ್ಕೂ ಆಧಾರ ಕಡಿಮೆ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಜಾನ್ ಯೂಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮದೇ ದೇಹಗಳ ಅಳತೆ ಕೊಟ್ಟರು. ಎತ್ತರಕ್ಕೆ ತಕ್ಕ ತೂಕ ಹೇಳುವ ಬಿಎಂಐ ಇಬ್ಬರದೂ 22.3. ದೇಹದ ಕೊಬ್ಬು ಮಾತ್ರ ಯೂಡ್ಕಿನ್ನರಲ್ಲಿ ಶೇ 9.1, ಯಾಜ್ಞಿಕರಲ್ಲಿ ಶೇ 21.2. ನಮ್ಮ ಮೈ ನೋಡಲು ಒಣಗಿದಂತಿದ್ದರೂ ಒಳಗೆ ಕೊಬ್ಬು ಕಟ್ಟುವ ಜಾತಿಯದು. ಇದರ ಮೇಲೆ ದುಡಿಮೆಯೂ ಬದಲಾಗಿದೆ. ಉಳುಮೆ ಟ್ರ್ಯಾಕ್ಟರಿಗೆ ಹೋಯಿತು, ನೀರು ಮೋಟರಿಗೆ, ಕಬ್ಬು ಕಡಿಯುವುದು ಹೊರಗಿನಿಂದ ಬರುವ ಗ್ಯಾಂಗಿಗೆ, ಈಗೀಗ ಯಂತ್ರಕ್ಕೆ. ತಾಟಿನಲ್ಲಿ ಅನ್ನ-ರೊಟ್ಟಿ ಅಜ್ಜನ ಕಾಲದಷ್ಟೇ ಇದೆ, ಅದನ್ನು ಕರಗಿಸುತ್ತಿದ್ದ ದುಡಿಮೆ ಇಲ್ಲ.

ಈ ಲೆಕ್ಕದಿಂದ ತಪ್ಪಿಸಿಕೊಳ್ಳಲು ಜನ ಹುಡುಕುವ ಕಳ್ಳದಾರಿಗಳಿವೆ. ‘ಶುಗರ್ ಫ್ರೀ’ ಡಬ್ಬಿಗಳಲ್ಲಿ ಹಲವು ಸಲ ಇರುವುದು ಮಾಲ್ಟಿಟಾಲ್. ಅದೂ ರಕ್ತದ ಸಕ್ಕರೆಯನ್ನು ಸ್ವಲ್ಪ ಏರಿಸುತ್ತದೆ, ಹೆಚ್ಚಾದರೆ ಹೊಟ್ಟೆ ಉಬ್ಬರ, ಭೇದಿ. ತೂಕ ಇಳಿಸಲೆಂದು ಕೃತಕ ಸಿಹಿಕಾರಕಗಳನ್ನು ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಇನ್ನೊಂದು ದಾರಿ ಮೊಬೈಲಿನಲ್ಲಿ ಓಡಾಡುವ ಸುದ್ದಿ: ಐಸ್‌ಕ್ರೀಂ ತಿಂದರೆ ಹೃದಯಕ್ಕೆ ಒಳ್ಳೆಯದಂತೆ, ಹಾರ್ವರ್ಡ್‌ನವರೇ ಹೇಳಿದ್ದಾರಂತೆ. ಸುದ್ದಿ ಪೂರ್ತಿ ಸುಳ್ಳಲ್ಲ. 2018ರ ಅಲ್ಲಿಯ ಡಾಕ್ಟರೇಟ್ ಪ್ರಬಂಧವೊಂದರಲ್ಲಿ, ದಿನಕ್ಕೆ ಅರ್ಧ ಕಪ್ ಐಸ್‌ಕ್ರೀಂ ತಿನ್ನುವ ಮಧುಮೇಹಿಗಳಲ್ಲಿ ಹೃದ್ರೋಗ ಕಡಿಮೆ ಎಂದು ಕಂಡಿತ್ತು. ಆದರೆ ಯಾರಿಗೆ ವೈದ್ಯರು ಎಚ್ಚರಿಕೆ ಕೊಟ್ಟಿದ್ದಾರೋ ಅವರು ಮೊದಲು ಬಿಡುವುದೇ ಐಸ್‌ಕ್ರೀಂ. ತಿನ್ನುತ್ತಲೇ ಉಳಿದವರು ಮೊದಲಿನಿಂದ ಗಟ್ಟಿ ಇದ್ದವರಾಗಿರಬಹುದು. ಆರೋಗ್ಯ ಇದ್ದದ್ದರಿಂದ ಐಸ್‌ಕ್ರೀಂ ಉಳಿಯಿತೋ, ಐಸ್‌ಕ್ರೀಂನಿಂದ ಆರೋಗ್ಯ ಉಳಿಯಿತೋ ಎಂಬುದನ್ನು ಇಂಥ ಅಂಕಿ ಒಂದೇ ಬಿಡಿಸಿ ಹೇಳಲಾರದು.

ಡಬ್ಬಿಯ ಮೇಲಿನ ಹೆಸರನ್ನೂ ಓದಬೇಕು. ‘ಫ್ರೋಜನ್ ಡೆಸರ್ಟ್’ ಎಂದಿದ್ದರೆ ಅದರಲ್ಲಿ ಹಾಲಿನ ಕೊಬ್ಬಿನ ಬದಲು ಸಸ್ಯಜನ್ಯ ಎಣ್ಣೆ ಇರುತ್ತದೆ, ಅನೇಕ ಸಲ ತಾಳೆ ಎಣ್ಣೆ. ಅದು ವನಸ್ಪತಿಯೇ ಎಂದು ಸೂಚಿಸಿದ ಅಮುಲ್ ಜಾಹೀರಾತಿನ ವಿರುದ್ಧ ಹಿಂದೂಸ್ತಾನ್ ಯೂನಿಲಿವರ್ 2017ರಲ್ಲಿ ಬಾಂಬೆ ಹೈಕೋರ್ಟಿಗೆ ಹೋಗಿ ಗೆದ್ದಿತ್ತು. 2022ರಿಂದ ಟ್ರಾನ್ಸ್ ಕೊಬ್ಬಿಗೆ ಶೇ 2ರ ಮಿತಿ ಬಂದ ಮೇಲೆ ಆ ಹಳೆಯ ಭಯವೂ ಕಡಿಮೆಯಾಗಿದೆ. ನನ್ನ ಮಟ್ಟಿಗೆ ದೊಡ್ಡ ಪ್ರಶ್ನೆ ಎರಡರಲ್ಲೂ ಒಂದೇ ರೀತಿ ಇರುವ ಸಕ್ಕರೆಯದು. ಹಾಲು ಕರೆಯುವ ಊರಿನವರು ತಾಳೆ ಎಣ್ಣೆಗೆ ದುಡ್ಡು ಕೊಡಬೇಕೇ ಎಂಬುದು ಬೇರೆ ಮಾತು.

ಹೊಳೆ ದಂಡೆಯವರಿಗೆ ಇಲ್ಲಿ ಇನ್ನೊಂದು ವಿಷಯ ಹೇಳಿಬಿಡಬೇಕು. 2019ರ ಆಗಸ್ಟ್, 2021ರ ಜುಲೈ ತಿಂಗಳ ಮಹಾಪೂರಗಳಂಥ ದಿನಗಳಲ್ಲಿ ಕರೆಂಟ್ ಹೋದಾಗ ಫ್ರೀಜರಿನ ಮಾಲು ಕರಗಿ, ಮತ್ತೆ ಗಟ್ಟಿಯಾಗುತ್ತದೆ. ಗಟ್ಟಿಯಾದರೆ ರೋಗಾಣು ಸಾಯುವುದಿಲ್ಲ, ಕರಗಿದ್ದಾಗ ಬೆಳೆದದ್ದು ಹಾಗೆಯೇ ಕೂತಿರುತ್ತದೆ. ಕಪ್ ಸೊಟ್ಟಗಾಗಿದ್ದರೆ, ಬಾಯಿಗೆ ಬರ್ಫದ ಹರಳು ಸಿಕ್ಕರೆ, ಮಕ್ಕಳ ಕೈಗೆ ಕೊಡಬೇಡಿ.

ಮಕ್ಕಳ ವಿಷಯ ಬಂತಲ್ಲ. 2025ರ ಮೇ ತಿಂಗಳಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಿಗೆ ‘ಶುಗರ್ ಬೋರ್ಡ್’ ಹಾಕಲು ಹೇಳಿತು: ಯಾವ ತಿನಿಸಿನಲ್ಲಿ ಎಷ್ಟು ಸಕ್ಕರೆ ಎಂದು ಮಕ್ಕಳ ಕಣ್ಣೆದುರು ಬರೆದಿಡುವ ಫಲಕ. ಆ ಸುತ್ತೋಲೆಯ ಪ್ರಕಾರ 4ರಿಂದ 10 ವರ್ಷದ ಮಕ್ಕಳ ದಿನದ ಕ್ಯಾಲರಿಯಲ್ಲಿ ಶೇ 13, 11ರಿಂದ 18 ವರ್ಷದವರಲ್ಲಿ ಶೇ 15 ಸಕ್ಕರೆಯಿಂದಲೇ ಬರುತ್ತಿದೆ. ಇರಬೇಕಾದದ್ದು ಶೇ 5. ಜುಗೂಳದಂಥ ಊರುಗಳ ಸರ್ಕಾರಿ ಕನ್ನಡ ಶಾಲೆಗಳಿಗೆ ಸಿಬಿಎಸ್‌ಇ ಆದೇಶ ತಲುಪುವುದಿಲ್ಲ. ಆದರೆ ಆ ಫಲಕಕ್ಕೆ ಬೇಕಾದದ್ದು ಒಂದು ಹಲಗೆ, ಸ್ವಲ್ಪ ಬಣ್ಣ, ಲೆಕ್ಕ ಬರುವ ಒಬ್ಬ ಮಾಸ್ತರು. ಶಾಲಾಭಿವೃದ್ಧಿ ಸಮಿತಿಯವರು ಇದಕ್ಕೆ ಬೆಂಗಳೂರಿನ ಕಡೆ ನೋಡುತ್ತ ಕೂಡಬೇಕಿಲ್ಲ.

ಬದಲಾವಣೆಯಿಂದ ಫಲವಿದೆ ಎಂಬುದಕ್ಕೂ ಭಾರತದಲ್ಲೇ ಪುರಾವೆ ಉಂಟು. ಚೆನ್ನೈನ ವೈದ್ಯ ಎ. ರಾಮಚಂದ್ರನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮಧುಮೇಹದ ಹೊಸ್ತಿಲಲ್ಲಿದ್ದವರನ್ನು ಹಾಗೆಯೇ ಬಿಟ್ಟಾಗ ಮೂರು ವರ್ಷದಲ್ಲಿ ಶೇ 55ರಷ್ಟು ಜನ ಮಧುಮೇಹಿಗಳಾದರು. ಊಟ ಸರಿಪಡಿಸಿ, ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆದವರಲ್ಲಿ ಆ ಪ್ರಮಾಣ ಶೇ 39.3. ಚಹಾದ ಸಕ್ಕರೆಯನ್ನು ಅರ್ಧಕ್ಕೆ ಇಳಿಸಿದರೆ, ನಾಲ್ಕು ಚಹಾದಿಂದ ಉಳಿಯುವ 16ರಿಂದ 20 ಗ್ರಾಂನಲ್ಲಿ ವಾರಕ್ಕೊಂದೆರಡು ಸಲ ಚಿಕ್ಕ ಕಪ್ಪಿಗೆ ಜಾಗ ಹುಟ್ಟುತ್ತದೆ. ಖಾಲಿ ಹೊಟ್ಟೆಗೆ ಬೇಡ, ಜೋಳದ ರೊಟ್ಟಿ, ಕಾಳುಪಲ್ಯ ಉಂಡ ಮೇಲೆ ಇರಲಿ, ತಿಂದು ಹಾಸಿಗೆ ಸೇರುವ ಬದಲು ಊರ ಅಗಸಿವರೆಗೆ ನಡೆದು ಬರಲಿ. ಈಗಾಗಲೇ ಮಧುಮೇಹ ಇರುವವರು ಎಷ್ಟು, ಯಾವಾಗ ಎಂಬುದನ್ನು ತಮ್ಮ ವೈದ್ಯರ ಹತ್ತಿರ ಕೇಳಿಯೇ ತೀರ್ಮಾನಿಸಬೇಕು.

ಈ ಎಲ್ಲಕ್ಕಿಂತ ಮೊದಲು ನಿಮ್ಮ ರಕ್ತದ ಸಕ್ಕರೆ ಎಷ್ಟಿದೆ ಎಂಬುದು ನಿಮಗೆ ಗೊತ್ತಿರಬೇಕು. ಮಧುಮೇಹಪೂರ್ವ ಸ್ಥಿತಿಗೆ ನೋವಿಲ್ಲ, ಲಕ್ಷಣವಿಲ್ಲ. ಪರೀಕ್ಷೆ ಬಿಟ್ಟರೆ ಅದನ್ನು ಹಿಡಿಯುವ ಉಪಾಯವಿಲ್ಲ. 30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಈ ತಪಾಸಣೆ ಉಚಿತ. ಬೆಳಗಿನ ಚಹಾ ಕುಡಿಯದೆ, ಖಾಲಿ ಹೊಟ್ಟೆಯಲ್ಲಿ ಹೋಗಿ ಮಾಡಿಸಿಕೊಳ್ಳಿ. ಫಲಿತಾಂಶ 126 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರನ್ನು ಕಾಣಿ. 100 ದಾಟಿ ಅದರೊಳಗಿದ್ದರೆ, ಇವತ್ತಿನಿಂದಲೇ ಚಹಾದ ಚಮಚೆ ಎಣಿಸಿ.