ಟ್ರ್ಯಾಕ್ಟರ್ ಚಾಲಿತ ಜನರೇಟರ್: ಕುಡಿಯುವ ನೀರಿನ ಪಂಪ್‌ಮನೆಯಲ್ಲಿ ವಹಿಸಬೇಕಾದ ಎಚ್ಚರಿಕೆ

ಗಾಳಿ-ಮಳೆಗೆ ವಿದ್ಯುತ್ ಕಂಬಗಳು ಉರುಳಿದಾಗ ಅಥವಾ ಪರಿವರ್ತಕ ಸುಟ್ಟಾಗ ಗ್ರಾಮದ ಓವರ್‌ಹೆಡ್ ಟ್ಯಾಂಕ್ ಬರಿದಾಗಲು ಒಂದು ದಿನ ಸಾಕು. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ ಮತ್ತು ಮಲಪ್ರಭಾ ನದಿಗಳು ಉಕ್ಕಿ ಹರಿದಾಗ ಉತ್ತರ ಕರ್ನಾಟಕದ ಅನೇಕ ಗ್ರಾಮಗಳು ಈ ಪರಿಸ್ಥಿತಿಯನ್ನು ಎದುರಿಸಿದವು. ಇಂತಹ ಸಮಯದಲ್ಲಿ ಟ್ರ್ಯಾಕ್ಟರ್‌ಗೆ ಜೋಡಿಸುವ ಆಲ್ಟರ್ನೇಟರ್ ಅನ್ನು ಬಾಡಿಗೆಗೆ ಪಡೆದು ಕೊಳವೆಬಾವಿಯ ಪಂಪ್ ನಡೆಸುವುದು ಯೋಗ್ಯವಾದ ಕ್ರಮವೇ ಆಗಿದೆ. ಆದರೆ ಪಂಪ್‌ಮನೆಯಲ್ಲಿ ಟ್ರ್ಯಾಕ್ಟರ್ ಓಡುತ್ತಿರುವ ಅದೇ ಹೊತ್ತಿನಲ್ಲಿ, ಒಂದೆರಡು ಫರ್ಲಾಂಗು ದೂರದಲ್ಲಿ ಲೈನ್‌ಮನ್ ಒಬ್ಬರು ತುಂಡಾದ ತಂತಿಯನ್ನು ಕೈಯಲ್ಲಿ ಹಿಡಿದಿರುತ್ತಾರೆ ಎಂಬುದನ್ನು ಸದಸ್ಯರು ಮೊದಲು ಮನಗಾಣಬೇಕು.

ಪರಿವರ್ತಕವು 11,000 ವೋಲ್ಟ್ ವಿದ್ಯುತ್ತನ್ನು ಸುಮಾರು 415 ವೋಲ್ಟ್‌ಗೆ ಇಳಿಸುತ್ತದೆ ಎಂಬುದು ಎಲ್ಲರಿಗೂ ತಿಳಿದ ವಿಷಯ. ಅದೇ ಪರಿವರ್ತಕಕ್ಕೆ ಕೆಳಗಿನ ಬದಿಯಿಂದ 415 ವೋಲ್ಟ್ ನೀಡಿದರೆ ಮೇಲಿನ ಬದಿಯಲ್ಲಿ 11,000 ವೋಲ್ಟ್ ಉಂಟಾಗುತ್ತದೆ ಎಂಬುದು ಅಷ್ಟಾಗಿ ತಿಳಿದಿಲ್ಲ. ಜನರೇಟರ್‌ನ ತಂತಿಗಳನ್ನು ಪಂಪ್‌ಮನೆಯ ಬೋರ್ಡಿಗೆ ನೇರವಾಗಿ ಸೇರಿಸಿದಾಗ ವಿದ್ಯುತ್ತು ಪಂಪಿಗಷ್ಟೇ ಹೋಗದೆ, ಮೀಟರಿನ ಮೂಲಕ ಹಿಮ್ಮುಖವಾಗಿ ಹರಿದು ಕಂಬವನ್ನು ಸೇರುತ್ತದೆ. ಇಡೀ ಊರಿನ ಹೊರೆ ಆ ಮಾರ್ಗದಲ್ಲಿದ್ದರೆ ಜನರೇಟರ್ ತಾಳಲಾರದೆ ನಿಂತುಬಿಡುವ ಸಂಭವವಿದೆ. ಅಪಾಯ ಹೆಚ್ಚುವುದು ಮಾರ್ಗವು ಸಮೀಪದಲ್ಲಿಯೇ ತುಂಡಾಗಿರುವಾಗ. ಆಗ ಹೊರೆ ಅತ್ಯಲ್ಪವಾಗಿದ್ದು, ದುರಸ್ತಿಗಾಗಿ ಸ್ಥಗಿತಗೊಳಿಸಿದ ತಂತಿಯು ಯಾರ ಅರಿವಿಗೂ ಬಾರದೆ ಜೀವಂತವಾಗುತ್ತದೆ. ದುರಸ್ತಿಗೆ ಮುನ್ನ ಮಾರ್ಗವನ್ನು ಪರೀಕ್ಷಿಸಿ ಭೂಸಂಪರ್ಕಗೊಳಿಸುವ ನಿಯಮವೇನೋ ಇದೆ. ಆದರೆ ಅನ್ಯರ ಜಾಗರೂಕತೆಯನ್ನು ನಂಬಿ ನಮ್ಮ ಜೋಡಣೆಯನ್ನು ಸಡಿಲ ಬಿಡುವಂತಿಲ್ಲ.

"ಫ್ಯೂಸ್ ಕಿತ್ತಿಟ್ಟಿದ್ದೇವೆ, ಭಯವಿಲ್ಲ" ಎಂಬ ಉತ್ತರ ಹಲವೆಡೆ ಕೇಳಿಬರುತ್ತದೆ. ಇದನ್ನು ಒಪ್ಪಲಾಗದು. ಫ್ಯೂಸ್ ಕಿತ್ತರೂ ನ್ಯೂಟ್ರಲ್ ತಂತಿ ಕಂಬಕ್ಕೆ ಜೋಡಿತವಾಗಿಯೇ ಉಳಿಯುತ್ತದೆ. ಕಿತ್ತಿಟ್ಟ ಫ್ಯೂಸನ್ನು ವಿಷಯ ತಿಳಿಯದ ಮತ್ತೊಬ್ಬರು ಮರಳಿ ಹಾಕಬಹುದು. ಇದಕ್ಕಿರುವ ನಂಬಲರ್ಹ ಉಪಾಯವೆಂದರೆ ನಾಲ್ಕು ಧ್ರುವಗಳ ಚೇಂಜ್‌ಓವರ್ ಸ್ವಿಚ್. ಇದರ ಹಿಡಿಕೆ ಒಂದು ಬದಿಗಿದ್ದರೆ ಪಂಪಿಗೆ ಕಂಪನಿಯ ವಿದ್ಯುತ್, ಮತ್ತೊಂದು ಬದಿಗಿದ್ದರೆ ಜನರೇಟರ್‌ನ ವಿದ್ಯುತ್, ನಡುವೆ ಇದ್ದರೆ ಎರಡೂ ಇಲ್ಲ. ಮೂರು ಫೇಸ್‌ಗಳೊಂದಿಗೆ ನ್ಯೂಟ್ರಲ್ ಕೂಡ ಬೇರ್ಪಡುವುದರಿಂದ ಎರಡು ಮೂಲಗಳು ಸೇರುವ ದಾರಿಯೇ ಉಳಿಯುವುದಿಲ್ಲ. ಸುಟ್ಟ ಒಂದು ಸಬ್‌ಮರ್ಸಿಬಲ್ ಮೋಟಾರನ್ನು ಮೇಲೆತ್ತಿಸಿ ರಿವೈಂಡಿಂಗ್ ಮಾಡಿಸುವ ಖರ್ಚಿನ ಮುಂದೆ ಇದರ ಬೆಲೆ ದೊಡ್ಡದಲ್ಲ. ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಇದನ್ನು ಅಳವಡಿಸಿ, ವಿದ್ಯುತ್ ಸರಬರಾಜು ಕಂಪನಿಯ ಶಾಖಾ ಕಚೇರಿಗೆ ಲಿಖಿತವಾಗಿ ತಿಳಿಸತಕ್ಕದ್ದು. ಮಳೆಗಾಲಕ್ಕೆ ಮುಂಚಿತವಾಗಿ ಸಾಮಾನ್ಯ ಸಭೆಯಲ್ಲಿ ನಿರ್ಣಯ ಕೈಗೊಳ್ಳುವುದು ಸೂಕ್ತ. ಕಂಬ ಬಿದ್ದ ದಿನ ಸ್ವಿಚ್ ಹುಡುಕಲು ಹೊರಟರೆ ತಂತಿಯನ್ನು ನೇರವಾಗಿ ಸೇರಿಸುವ ಆತುರವೇ ಗೆಲ್ಲುತ್ತದೆ.

ಎರಡನೆಯ ಅಪಾಯ ಟ್ರ್ಯಾಕ್ಟರ್‌ನ ಹಿಂಬದಿಯಲ್ಲಿದೆ. ಆಲ್ಟರ್ನೇಟರ್ ಅನ್ನು ತಿರುಗಿಸುವ ಪಿಟಿಓ ಶಾಫ್ಟ್ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9 ಸುತ್ತು ತಿರುಗುತ್ತದೆ. ಶಾಫ್ಟಿನ ಸಂಧಿಭಾಗದ ಅಡ್ಡಳತೆ 10 ಸೆಂ.ಮೀ. ಎಂದಿಟ್ಟುಕೊಂಡರೂ ಅದು ಒಂದೇ ಸೆಕೆಂಡಿನಲ್ಲಿ ಎರಡೂವರೆ ಮೀಟರಿಗೂ ಹೆಚ್ಚು ಬಟ್ಟೆಯನ್ನು ಸುತ್ತಿಕೊಳ್ಳಬಲ್ಲದು. ಹೆಗಲ ಮೇಲಿನ ಟವೆಲ್, ಪಂಚೆಯ ಅಂಚು, ಸೀರೆಯ ಸೆರಗು ಸಿಕ್ಕಿದರೆ ಬಿಡಿಸಿಕೊಳ್ಳುವ ಅವಕಾಶವೇ ದೊರೆಯದು. ಆದುದರಿಂದ ಶಾಫ್ಟಿನ ಪೂರ್ಣ ಉದ್ದಕ್ಕೆ ರಕ್ಷಣಾ ಕವಚವಿಲ್ಲದ ಯಂತ್ರವನ್ನು ಬಾಡಿಗೆಗೆ ಪಡೆಯಬಾರದು. ಈ ಷರತ್ತನ್ನು ಬಾಡಿಗೆ ಆದೇಶದಲ್ಲಿಯೇ ನಮೂದಿಸುವುದು ಒಳಿತು. ಚಲಿಸುವ ಶಾಫ್ಟನ್ನು ದಾಟುವುದನ್ನು ಯಾರಿಗೂ ಅನುಮತಿಸತಕ್ಕದ್ದಲ್ಲ. ನೀರು ಬಂತೆಂದು ಕೊಡ ಹಿಡಿದು ಬರುವ ಮಕ್ಕಳು ಮೊದಲು ಸುತ್ತುವರಿಯುವುದು ಟ್ರ್ಯಾಕ್ಟರನ್ನೇ. ಆದ ಕಾರಣ ಸುತ್ತಲೂ ಹಗ್ಗ ಕಟ್ಟಿಸಿ, ಒಬ್ಬರನ್ನು ಕಾವಲಿಗೆ ನಿಲ್ಲಿಸಬೇಕು. ಟ್ರ್ಯಾಕ್ಟರ್ ಮತ್ತು ಆಲ್ಟರ್ನೇಟರ್ ಸಮತಟ್ಟಾದ ನೆಲದಲ್ಲಿ ಒಂದೇ ರೇಖೆಯಲ್ಲಿರಬೇಕು, ಹ್ಯಾಂಡ್‌ಬ್ರೇಕ್ ಹಾಕಿ ಚಕ್ರಗಳಿಗೆ ಅಡ್ಡಗಲ್ಲು ಇಟ್ಟಿರಬೇಕು. ಹೊಗೆಯಲ್ಲಿ ವಿಷಾನಿಲವಿರುವುದರಿಂದ ಮಳೆಯ ನೆಪದಲ್ಲಿಯೂ ಯಂತ್ರವನ್ನು ಪಂಪ್‌ಮನೆಯೊಳಗೆ ನುಗ್ಗಿಸಬಾರದು.

ಯಾವ ಟ್ರ್ಯಾಕ್ಟರ್ ಸಾಕು ಎಂಬ ಪ್ರಶ್ನೆ ಸಹಜವಾಗಿಯೇ ಬರುತ್ತದೆ. ಒಂದು ಕಿಲೋವ್ಯಾಟ್ ವಿದ್ಯುತ್ತಿಗೆ ಪಿಟಿಓದಲ್ಲಿ ಸುಮಾರು 2 ಎಚ್‌ಪಿ ಬೇಕೆಂಬುದು ರೂಢಿಯ ಲೆಕ್ಕ. 10 ಎಚ್‌ಪಿ ಪಂಪ್ ಓಡುವಾಗ 9ರಿಂದ 10 ಕಿಲೋವ್ಯಾಟ್ ಬಯಸಿದರೂ, ನೇರವಾಗಿ ಚಾಲನೆಗೊಳ್ಳುವ ಕ್ಷಣದಲ್ಲಿ ಅದರ ಹಲವು ಪಟ್ಟು ವಿದ್ಯುತ್ ಎಳೆಯುತ್ತದೆ. ಹೀಗಾಗಿ ಇಂತಹ ಪಂಪಿಗೆ 25 ಕೆವಿಎ ಆಲ್ಟರ್ನೇಟರ್ ಮತ್ತು 45-50 ಎಚ್‌ಪಿ ಟ್ರ್ಯಾಕ್ಟರ್ ಇದ್ದರೆ ನೆಮ್ಮದಿ. ಸ್ಟಾರ್-ಡೆಲ್ಟಾ ಸ್ಟಾರ್ಟರ್ ಇದ್ದಲ್ಲಿ ಈ ಆರಂಭದ ಎಳೆತ ಕಡಿಮೆಯಾಗುತ್ತದೆ.

ಎಂಜಿನ್ನಿನ ವೇಗವೇ ವಿದ್ಯುತ್ತಿನ ಗುಣಮಟ್ಟವನ್ನು ನಿರ್ಧರಿಸುತ್ತದೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ನಾಲ್ಕು ಧ್ರುವದ ಆಲ್ಟರ್ನೇಟರ್ 1500 ಸುತ್ತು ತಿರುಗಿದಾಗ ಮಾತ್ರ 50 ಹರ್ಟ್ಸ್ ದೊರೆಯುತ್ತದೆ. ಪಿಟಿಓದ 540 ಸುತ್ತನ್ನು ಗೇರ್‌ಬಾಕ್ಸ್ ಅಥವಾ ಬೆಲ್ಟ್ ಈ ಮಟ್ಟಕ್ಕೆ ಏರಿಸುತ್ತದೆ. ಡೀಸೆಲ್ ಉಳಿಸಲು ಚಾಲಕರು ಥ್ರಾಟಲ್ ತಗ್ಗಿಸಿದರೆ ಮೋಟಾರ್ ಬಿಸಿಯೇರಿ ಸುಡುವ ಸಂಭವವಿದೆ. ಆ ಉಳಿತಾಯದ ಲೆಕ್ಕ ಪಂಚಾಯಿತಿಯ ತಲೆಗೇ ಬರುತ್ತದೆ. ವೋಲ್ಟ್ ಮತ್ತು ಹರ್ಟ್ಸ್ ತೋರಿಸುವ ಮಾಪಕಗಳು ಸರಿಯಾಗಿರುವುದನ್ನು ನೋಡಿಯೇ ಯಂತ್ರವನ್ನು ಒಪ್ಪಿಕೊಳ್ಳಬೇಕು. ಪಂಪ್ ಓಡುತ್ತಿದ್ದರೂ ನೀರು ತೀರ ಕಡಿಮೆ ಬಂದರೆ ಮೋಟಾರ್ ಹಿಮ್ಮುಖವಾಗಿ ತಿರುಗುತ್ತಿರಬಹುದು. ಯಂತ್ರವನ್ನು ನಿಲ್ಲಿಸಿ ಜನರೇಟರ್ ಬದಿಯ ಯಾವುದಾದರೂ ಎರಡು ಫೇಸ್‌ಗಳನ್ನು ಅದಲುಬದಲು ಮಾಡಿದರೆ ಸರಿಹೋಗುತ್ತದೆ.

ಆಲ್ಟರ್ನೇಟರ್‌ನ ಹೊರಕವಚಕ್ಕೂ ನ್ಯೂಟ್ರಲ್‌ಗೂ ಸಮರ್ಪಕ ಭೂಸಂಪರ್ಕ ಇರಲೇಬೇಕು. ನ್ಯೂಟ್ರಲ್ ಭೂಸಂಪರ್ಕ ಹೊಂದಿಲ್ಲದಿದ್ದರೆ, ಸೋರಿಕೆಯನ್ನು ತಡೆಯಲೆಂದು ಅಳವಡಿಸಿದ ಇಎಲ್‌ಸಿಬಿ ಕೂಡ ಕೆಲಸ ಮಾಡುವುದಿಲ್ಲ. ರಬ್ಬರ್ ಟೈರಿನ ಮೇಲೆ ನಿಂತಿರುವ ಟ್ರ್ಯಾಕ್ಟರ್ ತಾನಾಗಿ ಭೂಮಿಗೆ ಸಂಪರ್ಕ ಪಡೆಯುತ್ತದೆ ಎಂದು ಭಾವಿಸತಕ್ಕದ್ದಲ್ಲ. ಕೇಬಲ್‌ನಲ್ಲಿ ಟೇಪ್ ಸುತ್ತಿದ ಗಂಟುಗಳಿದ್ದರೆ, ಅಥವಾ ಅದು ನಿಂತ ನೀರಿನಲ್ಲಿ ಬಿದ್ದಿದ್ದರೆ, ಚಾಲನೆ ನೀಡಬಾರದು. ಡೀಸೆಲ್ ತುಂಬುವಾಗ ಎಂಜಿನ್ ನಿಂತಿರಬೇಕು.

ನೀರುಗಂಟಿಗಳಿಗೆ ಕಲಿಸಬೇಕಾದ ಅನುಕ್ರಮ ಕಷ್ಟದ್ದಲ್ಲ. ಸ್ಟಾರ್ಟರ್ ಬಂದ್ ಇರುವುದನ್ನು ಖಚಿತಪಡಿಸಿಕೊಂಡು ಚೇಂಜ್‌ಓವರ್ ಹಿಡಿಕೆಯನ್ನು ನಡುಸ್ಥಾನಕ್ಕೆ ತರಬೇಕು. ಟ್ರ್ಯಾಕ್ಟರ್ ಚಾಲೂ ಮಾಡಿಸಿ, ವೇಗ ಸ್ಥಿರಗೊಂಡು ಮಾಪಕದಲ್ಲಿ 415 ವೋಲ್ಟ್, 50 ಹರ್ಟ್ಸ್ ಕಂಡ ಬಳಿಕ ಹಿಡಿಕೆಯನ್ನು ಜನರೇಟರ್ ಬದಿಗೆ ಹಾಕಿ, ಕೊನೆಯಲ್ಲಿ ಪಂಪ್ ಆರಂಭಿಸಬೇಕು. ನಿಲ್ಲಿಸುವಾಗ ಮೊದಲು ಪಂಪ್, ನಂತರ ಹಿಡಿಕೆ, ಕಡೆಗೆ ಎಂಜಿನ್. ಪಂಪ್ ಓಡುತ್ತಿರುವಾಗಲೇ ಎಂಜಿನ್ ವೇಗವನ್ನು ಇಳಿಸಬಾರದು. ಈ ಅನುಕ್ರಮವನ್ನು ದೊಡ್ಡ ಅಕ್ಷರಗಳಲ್ಲಿ ಬರೆಸಿ ಬೋರ್ಡಿನ ಪಕ್ಕದ ಗೋಡೆಗೆ ಅಂಟಿಸಲು ಅಡ್ಡಿಯಿಲ್ಲ.

ಅವಘಡ ಸಂಭವಿಸಿದಲ್ಲಿ ಎಂಜಿನ್ ನಿಲ್ಲಿಸುವವರೆಗೆ ಗಾಯಾಳುವನ್ನು ಮುಟ್ಟದೆ, ಬಳಿಕ 108ಕ್ಕೆ ಕರೆ ಮಾಡಬೇಕು. ವಿದ್ಯುತ್ ಅಪಘಾತಗಳ ಮಾಹಿತಿ ನೀಡಿಕೆಯನ್ನು ವಿದ್ಯುಚ್ಛಕ್ತಿ ಅಧಿನಿಯಮ 2003ರ 161ನೇ ಪ್ರಕರಣ ಕಡ್ಡಾಯಗೊಳಿಸಿರುವುದರಿಂದ, ಶಾಖಾ ಕಚೇರಿಗೂ ವಿದ್ಯುತ್ ಪರಿವೀಕ್ಷಣಾಲಯಕ್ಕೂ ವಿಳಂಬವಿಲ್ಲದೆ ವರದಿ ಮಾಡತಕ್ಕದ್ದು.

ಕಂಪನಿಯ ವಿದ್ಯುತ್ ಮರಳಿದ್ದನ್ನು ತಿಳಿಯಲು ಚೇಂಜ್‌ಓವರ್ ಸ್ವಿಚ್‌ನ ಕಂಬದ ಬದಿಗೆ ಪ್ರತಿ ಫೇಸ್‌ಗೆ ಒಂದರಂತೆ ಮೂರು ಸೂಚಕ ದೀಪಗಳನ್ನು ಅಳವಡಿಸಿದರೆ ಸಾಕು. ಮೂರೂ ಉರಿಯುವುದನ್ನು ಕಂಡ ಮೇಲೆ ಪಂಪನ್ನು ನಿಲ್ಲಿಸಿ, ಹಿಡಿಕೆಯನ್ನು ಬದಲಿಸಿ, ಟ್ರ್ಯಾಕ್ಟರನ್ನು ಕಳುಹಿಸಬಹುದು.